ಸಾಕ್ಷಿಯಿಟ್ಟು ಬರೆಯುವುದು

2023ರ ಜನವರಿ 2ರ ಸಂಜೆ ವಿಜಯಪುರದ ಜ್ಞಾನಯೋಗಾಶ್ರಮದಲ್ಲಿ ಸಿದ್ಧೇಶ್ವರ ಸ್ವಾಮೀಜಿ ದೇಹ ಬಿಟ್ಟರು. ಅಂತ್ಯಕ್ರಿಯೆ ಹೇಗೆಂದು ಯಾರೂ ಕೂತು ಚರ್ಚಿಸಬೇಕಾಗಲಿಲ್ಲ. 2014ರ ಗುರುಪೂರ್ಣಿಮೆಯಂದೇ ಅವರು ಅಂತಿಮ ಪತ್ರ ಬರೆದಿಟ್ಟಿದ್ದರು. ದೇಹವನ್ನು ಹೂಳದೆ ಅಗ್ನಿಗೆ ಅರ್ಪಿಸಬೇಕು, ಶ್ರಾದ್ಧ ಬೇಡ, ಚಿತಾಭಸ್ಮ ನದಿಗೋ ಸಾಗರಕ್ಕೋ ಸೇರಲಿ, ಸ್ಮಾರಕ ಕಟ್ಟಬಾರದು. ಮಠಮಠಗಳಲ್ಲಿ ಗದ್ದುಗೆಯಿರುವ ಈ ಸೀಮೆಯಲ್ಲಿ ಇದು ಸಣ್ಣ ಮಾತಲ್ಲ.

ತಿಕೋಟಾ ತಾಲ್ಲೂಕಿನ ಬಿಜ್ಜರಗಿಯಲ್ಲಿ ಹುಟ್ಟಿ, ಜೇಬಿಲ್ಲದ ಅಂಗಿ ತೊಟ್ಟು, 2018ರಲ್ಲಿ ಪದ್ಮಶ್ರೀಯನ್ನೂ ಬೇಡವೆಂದವರು ಅವರು. ತಮ್ಮ ಬಗ್ಗೆ ಬರೆಯುವಾಗಲೂ 'ನನ್ನದು' ಎಂಬುದನ್ನು ಬಿಟ್ಟುಕೊಡುವುದಕ್ಕೇ ಬರೆದರು.

ಎಲ್ಲರಿಗೂ ಅದು ಸಾಧ್ಯವೆ? ಮನಸ್ಸಿನ ನೆಮ್ಮದಿಗೆ ದಿನಚರಿ ಬರೆಯಿರಿ ಎಂಬ ಸಲಹೆ ಈಗ ಎಲ್ಲೆಡೆ ಕೇಳಿಬರುತ್ತದೆ. 'ನಾನು ನೊಂದೆ, ನನಗೆ ಹೀಗಾಯಿತು' ಎಂದು ಪುಟದ ಮೇಲೆ ಪುಟ ತುಂಬಿಸಿದರೆ ಆ 'ನಾನು' ಕರಗುತ್ತದೆಯೋ, ಇನ್ನಷ್ಟು ಬಲಿಯುತ್ತದೆಯೋ?

ಉತ್ತರ ಹುಡುಕಲು ದೂರ ಹೋಗಬೇಕಿಲ್ಲ. ಬಸವಣ್ಣನವರು ಹುಟ್ಟಿದ ಬಾಗೇವಾಡಿ ಇದೇ ವಿಜಯಪುರ ಜಿಲ್ಲೆಯದು. ಊರೂರು ತಿರುಗಿ ವಚನಗಳ ತಾಡೋಲೆ ಕಲೆಹಾಕಿ, 1923ರಲ್ಲಿ 'ವಚನಶಾಸ್ತ್ರಸಾರ'ದ ಮೊದಲ ಭಾಗ ಹೊರತಂದ ಫ.ಗು. ಹಳಕಟ್ಟಿಯವರು ವಕೀಲಿಕೆ ನಡೆಸಿದ್ದೂ ವಿಜಯಪುರದಲ್ಲೇ. ಆ ಓಲೆಗಳಲ್ಲಿ ಏನಿತ್ತು? ಬಿಜ್ಜಳನ ಭಂಡಾರದ ಹೊಣೆ ಹೊತ್ತ ಬಸವಣ್ಣನವರು ತಮ್ಮ ಮನಸ್ಸಿನ ಚಂಚಲತೆಯನ್ನು, ಭಕ್ತಿಯ ಕೊರತೆಯನ್ನು ಒಪ್ಪಿಕೊಂಡ ಮಾತುಗಳೂ ಇದ್ದವು. ಒಪ್ಪಿಕೊಂಡದ್ದು ಕೂಡಲಸಂಗಮದೇವನ ಮುಂದೆ. ಅಕ್ಕನಿಗೆ ಚೆನ್ನಮಲ್ಲಿಕಾರ್ಜುನ, ಅಲ್ಲಮನಿಗೆ ಗುಹೇಶ್ವರ. ಪ್ರತಿ ವಚನದಲ್ಲೂ ಅಂಕಿತವಾಗಿ ಒಬ್ಬ ಸಾಕ್ಷಿ ನಿಂತಿದ್ದಾನೆ. ಆ ಸಾಕ್ಷಿಯೆದುರು ದುಃಖವನ್ನು ಹಿಗ್ಗಿಸಿ ಹೇಳಲಾಗದು, ಒಳ್ಳೆಯತನವನ್ನೂ ಹಿಗ್ಗಿಸಲಾಗದು. ಅಂಬಿಗರ ಚೌಡಯ್ಯನಂತೂ ತನ್ನ ಹೆಸರನ್ನೇ ಅಂಕಿತ ಮಾಡಿಕೊಂಡ. ತನಗೆ ತಾನೇ ಸಾಕ್ಷಿಯಾಗುವ ಎದೆಗಾರಿಕೆ ಅದು.

ನೋವನ್ನು ಬರೆದರೆ ಏನಾಗುತ್ತದೆ ಎಂದು ಅಳೆದು ನೋಡಿದವರೂ ಇದ್ದಾರೆ. 1986ರಲ್ಲಿ ಅಮೆರಿಕದ ಮನೋವಿಜ್ಞಾನಿಗಳಾದ ಜೇಮ್ಸ್ ಪೆನ್ನೆಬೇಕರ್ ಮತ್ತು ಸಾಂಡ್ರಾ ಬೀಲ್ ಒಂದು ಪ್ರಯೋಗ ಪ್ರಕಟಿಸಿದರು. ಕಾಲೇಜು ವಿದ್ಯಾರ್ಥಿಗಳು ದಿನಕ್ಕೆ 15 ನಿಮಿಷದಂತೆ ನಾಲ್ಕು ದಿನ ಬರೆದರು. ಬದುಕಿನ ದೊಡ್ಡ ನೋವನ್ನು, ಅದು ಎಬ್ಬಿಸಿದ ಭಾವನೆಗಳನ್ನು ಕೂಡಿಸಿ ಬರೆದವರು ಮುಂದಿನ ಆರು ತಿಂಗಳಲ್ಲಿ ಕಾಲೇಜಿನ ಆರೋಗ್ಯ ಕೇಂದ್ರಕ್ಕೆ ಹೋದದ್ದು ಉಳಿದವರಿಗಿಂತ ಕಡಿಮೆ. ಆದರೆ ಬರೆದು ಮುಗಿಸಿದ ಗಳಿಗೆಯಲ್ಲಿ ಅವರ ರಕ್ತದೊತ್ತಡ ಏರಿತ್ತು, ಮನಸ್ಸು ಕುಗ್ಗಿತ್ತು. ಬರೆದ ಕೂಡಲೇ ಹಗುರಾಗುತ್ತದೆ ಎನ್ನುವವರು ಈ ಭಾಗವನ್ನು ಹೇಳುವುದೇ ಇಲ್ಲ.

ವಿಜಯಪುರದ ಇಬ್ರಾಹಿಂಪುರದ ಯಾವುದೋ ಮನೆಯಲ್ಲಿ ಪಿಯುಸಿ ಓದುವ ಹುಡುಗಿ ಕೆಮಿಸ್ಟ್ರಿ ನೋಟ್‌ಬುಕ್ಕಿನ ಕಡೆಯ ಹಾಳೆಯಲ್ಲಿ ನಾಲ್ಕು ಸಾಲು ಗೀಚಿ, ಅವ್ವ ಬಂದ ಸಪ್ಪಳಕ್ಕೆ ಪುಟ ಮಗುಚುತ್ತಿರಬಹುದು. ಆ ಸಾಲುಗಳನ್ನು ಮನೆಯವರು ಕದ್ದು ಓದಬಾರದು. ಅವಳು ಮಾತ್ರ ಮರುದಿನ ಅವನ್ನು ತೆಗೆದು, ತನಗೆ ತಾನೇ ಸಾಕ್ಷಿಯಾಗಿ ಓದಬೇಕು. ಸಿಟ್ಟಿನಲ್ಲಿ ಬರೆದದ್ದೆಷ್ಟು, ನಿಜವೆಷ್ಟು ಎಂದು ಅಲ್ಲೇ ಗುರುತು ಹಾಕಬೇಕು. ಹಾಗೆ ಓದದೆ ಬರೀ ಬರೆಯುತ್ತಲೇ ಹೋದರೆ ಅದೇ ನೋವು ದಿನವೂ ಹೊಸದಾಗಬಹುದು.

ಬರೆದರೂ ನಿದ್ದೆ ಬಾರದಿದ್ದರೆ, ಬದುಕೇ ಬೇಡವೆನಿಸಿದರೆ ಹಾಳೆಯನ್ನು ನೆಚ್ಚಿ ಕೂರಬೇಡಿ. ನಂಬಿದವರೊಬ್ಬರಿಗೆ ಹೇಳಿ, ಇಲ್ಲವೇ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ. ಕರೆಗೆ ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.