ಗಾಲಿಗೆ ಬೀಗ ಹಾಕುವ ಮುನ್ನ

ವೀಲ್‌ಚೇರಿನಲ್ಲಿರುವ ಹಿರಿಯರಿಗೆ ಅರಳುಮರಳು ಶುರುವಾಯಿತೆಂದರೆ ಮನೆಮಂದಿಯ ನಡುವೆ ಒಂದು ತೀರ್ಮಾನ ಬಲು ಬೇಗ ಆಗಿಬಿಡುತ್ತದೆ: ಅವರಿಗೇನೂ ತಿಳಿಯುವುದಿಲ್ಲ, ಇನ್ನು ಅವರನ್ನು ಕೇಳುವುದೇನಿದೆ? ಕೊರಳಿಗೆ ಜಿಪಿಎಸ್, ಕೋಣೆಗೆ ಕ್ಯಾಮೆರಾ, ಸೀಟಿನಡಿ ಸೆನ್ಸರ್, ಬೆಂಗಳೂರಿನಲ್ಲಿರುವ ಮಗನ ಮೊಬೈಲಿಗೆ ಅಲರ್ಟ್. ಈ ಏರ್ಪಾಟಿನಲ್ಲಿ ಪ್ರೀತಿಯಿದೆ ಎಂದು ಒಪ್ಪಿದರೂ ಅದರ ಹಿಂದಿನ ತರ್ಕ ನನ್ನನ್ನು ಕೆರಳಿಸುತ್ತದೆ. ಗೌರಿಬಿದನೂರಿನ ಬಳಿ 1960ರ ದಶಕದಿಂದ ಭೂಮಿಯ ಕಂಪನ ದಾಖಲಿಸುವ ಉಪಕರಣಗಳಿವೆ. ಎಲ್ಲೋ ದೂರದ ದೇಶ ಅಣುಬಾಂಬ್ ಪರೀಕ್ಷಿಸಿದರೂ ಅವಕ್ಕೆ ಸುಳಿವು ಸಿಗುತ್ತದೆ. ನೆಲವನ್ನು ಹೀಗೆ ಆಲಿಸಬಹುದು, ನೆಲದ ಒಪ್ಪಿಗೆ ಬೇಕಿಲ್ಲ. ಮನುಷ್ಯರನ್ನೂ ಹಾಗೆಯೇ ಆಲಿಸತೊಡಗಿದರೆ ಅವರನ್ನು ನೆಲದ ಸಾಲಿಗೆ ಸೇರಿಸಿದಂತೆ. ಹಿರಿಯರ ಕಾವಲಿನ ಈ ಪ್ರಶ್ನೆ ಶಹರದ ಸಿರಿವಂತರ ಚಿಂತೆ ಎಂದು ತಳ್ಳಿಹಾಕುವಂತೆಯೂ ಇಲ್ಲ. 2023ರಲ್ಲಿ ಪ್ರಕಟವಾದ ರಾಷ್ಟ್ರೀಯ ಅಧ್ಯಯನವೊಂದರ ಅಂದಾಜಿನಂತೆ 60 ದಾಟಿದ ಭಾರತೀಯರಲ್ಲಿ ಶೇ. 7.4ರಷ್ಟು ಮಂದಿಗೆ ಡಿಮೆನ್ಶಿಯಾ ಇದೆ, ಅದೂ ಪಟ್ಟಣಕ್ಕಿಂತ ಹಳ್ಳಿಯಲ್ಲೇ ಹೆಚ್ಚು. ಭಾರತೀಯ ವಿಜ್ಞಾನ ಸಂಸ್ಥೆಯ ಮೆದುಳು ಸಂಶೋಧನಾ ಕೇಂದ್ರವು 45 ದಾಟಿದವರ ನೆನಪು, ಬುದ್ಧಿಶಕ್ತಿಗಳ ದೀರ್ಘ ಅಧ್ಯಯನಕ್ಕೆ ಆರಿಸಿಕೊಂಡಿದ್ದು ಚಿಂತಾಮಣಿಯ ಪಕ್ಕದ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳನ್ನು.

ಅಪಾಯ ಕಲ್ಪಿತವಲ್ಲ. ಶಿಡ್ಲಘಟ್ಟದಲ್ಲಿ ನೂಲು ಬಿಚ್ಚುವ ಎಷ್ಟೋ ಘಟಕಗಳು ಮನೆಗೆ ಅಂಟಿಕೊಂಡೇ ಇವೆ. ಗೂಡು ಬೇಯಿಸುವ ಬಿಸಿನೀರಿನ ಪಕ್ಕದಲ್ಲಿ, ಬ್ರೇಕ್ ಹಾಕುವುದನ್ನೇ ಮರೆತವರ ಕುರ್ಚಿ ಉರುಳಿದರೆ ಏನಾದೀತೆಂದು ವಿವರಿಸಬೇಕಿಲ್ಲ. ಚಿಂತಾಮಣಿಯಲ್ಲಿ ಟೊಮ್ಯಾಟೊ ಲಾರಿಗಳು ಓಡಾಡುವ ರಸ್ತೆಯೂ ಅಷ್ಟೇ ನಿರ್ದಯಿ. ಹಾಗಾಗಿ ಯಂತ್ರವೇ ಬೇಡವೆಂಬುದು ನನ್ನ ವಾದವಲ್ಲ. ಯಂತ್ರ ಮೊದಲು ಯಾರೊಡನೆ ಮಾತನಾಡುತ್ತದೆ ಎಂದು ಕೇಳುತ್ತಿದ್ದೇನೆ. ಕೆನಡಾದ ಸಂಶೋಧಕರು ಬುದ್ಧಿ ಮಂಕಾದವರಿಗಾಗಿ ‘ನೋವಾ’ ಎಂಬ ಪ್ರಾಯೋಗಿಕ ವ್ಯವಸ್ಥೆಯನ್ನು ರೂಪಿಸಿದರು. ವಿದ್ಯುತ್ ವೀಲ್‌ಚೇರಿಗೆ ಕ್ಯಾಮೆರಾ ಇರುತ್ತದೆ. ಎದುರು ಗೋಡೆಯೋ ಮೇಜೋ ಬಂದರೆ ಕುರ್ಚಿ ಆ ದಿಕ್ಕಿಗಷ್ಟೇ ಹೋಗದೆ ನಿಲ್ಲುತ್ತದೆ, ಯಾವ ಕಡೆ ತಿರುಗಬಹುದೆಂದು ಕೂತವರಿಗೇ ದನಿಯಲ್ಲಿ ಹೇಳುತ್ತದೆ. ಅಲ್ಲಿನ ಹಲವು ಆರೈಕೆ ಕೇಂದ್ರಗಳು ಇಂಥವರ ಕೈಗೆ ವಿದ್ಯುತ್ ಕುರ್ಚಿಯನ್ನು ಕೊಡುತ್ತಲೇ ಇರಲಿಲ್ಲ. ಅದೇ ಕ್ಯಾಮೆರಾ, ಅದೇ ಸೆನ್ಸರ್, ಆದರೆ ಇಲ್ಲಿ ಅವು ಒಬ್ಬರ ಓಡಾಟವನ್ನು ಹಿಗ್ಗಿಸಿದವು. ನಮ್ಮ ಕಡೆ ಇಂಥದು ಬಂದರೆ ಅದಕ್ಕೆ ತೆಲುಗೂ ಬರಬೇಕು. ಈ ಭಾಗದ ಎಷ್ಟೋ ಮನೆಗಳ ಮಾತು ತೆಲುಗು, ಮತ್ತು ನೆನಪು ಸವೆಯುವಾಗ ಬಹುಮಟ್ಟಿಗೆ ಕೊನೆವರೆಗೆ ಉಳಿಯುವುದು ಮೊದಲು ಕಲಿತ ನುಡಿ. ಇಂಗ್ಲಿಷಿನಲ್ಲಿ ಎಚ್ಚರಿಸುವ ಕುರ್ಚಿ ಅಂಥ ಮನೆಯ ಅಜ್ಜಿಯ ಪಾಲಿಗೆ ಬರೀ ಸದ್ದು.

ಸುಖದುಃಖಗಳನ್ನು ಕೂಡಿ ಕಳೆಯುವ ಉಪಯುಕ್ತತಾವಾದವಾಗಲಿ, ಮುಪ್ಪನ್ನು ವೈರಾಗ್ಯಕ್ಕೆ ಒಪ್ಪಿಸುವ ಆಶ್ರಮಧರ್ಮವಾಗಲಿ ಕೂತವರ ಮಾತಿಗೆ ಎಷ್ಟು ಬೆಲೆ ಎಂಬ ಈ ಪ್ರಶ್ನೆಯಲ್ಲಿ ನನಗೆ ಹೆಚ್ಚು ಒದಗಲಿಲ್ಲ. ಸೆಣಸಲು ತಕ್ಕ ಎದುರಾಳಿ ಅಮೆರಿಕದ ನ್ಯಾಯತತ್ತ್ವಜ್ಞ ರೊನಾಲ್ಡ್ ಡ್ವೊರ್ಕಿನ್. ಬುದ್ಧಿ ನೆಟ್ಟಗಿದ್ದಾಗ ವ್ಯಕ್ತಿ ತನ್ನ ಇಡೀ ಬಾಳಿನ ಬಗ್ಗೆ ತಳೆದ ನಿಲುವು, ಬುದ್ಧಿ ಕುಂದಿದ ಮೇಲಿನ ಆಸೆಗಳಿಗಿಂತ ಮೇಲು ಎಂದು ಆತ 1993ರ ‘ಲೈಫ್ಸ್ ಡೊಮಿನಿಯನ್’ ಪುಸ್ತಕದಲ್ಲಿ ವಾದಿಸಿದ. ಹಾಗಾದರೆ ‘ಮರೆವು ಬಂದರೆ ನನ್ನನ್ನು ಹೊರಗೆ ಬಿಡಬೇಡಿ’ ಎಂದಿದ್ದವರು ಇಂದು ಗೇಟಿನ ಕಡೆ ಹೊರಟರೆ, ಗಾಲಿಗೆ ಬೀಗ ಹಾಕುವುದೇ ಅವರಿಗೆ ತೋರುವ ಗೌರವವಾಗುತ್ತದೆ. ನಾನಿದನ್ನು ಒಪ್ಪಲಾರೆ. ಕಾಲು ಗಟ್ಟಿಯಿದ್ದ ದಿನಗಳಲ್ಲಿ ಆ ಮಾತನ್ನಾಡಿದವರಿಗೆ ಗೇಟಿನವರೆಗಿನ ನಾಲ್ಕು ಮಾರು ಮುಂದೊಂದು ದಿನ ಎಷ್ಟು ದೊಡ್ಡದಾಗುತ್ತದೆಂಬ ಅರಿವು ಎಲ್ಲಿತ್ತು? ನೆನಪು ಚದುರಿದ ಮೇಲೂ ಇದು ಮುಖ್ಯ, ಇದು ಅಲ್ಲ ಎಂದು ಎಣಿಸುವ ಶಕ್ತಿ ಉಳಿದಿರಬಹುದೆಂದು 1999ರಲ್ಲಿ ಡ್ವೊರ್ಕಿನ್‌ಗೆ ಉತ್ತರಿಸಿದ ತತ್ತ್ವಜ್ಞೆ ಅಗ್ನೀಸ್ಕಾ ಯಾವೋರ್ಸ್ಕಾ ಅವರ ಪಕ್ಷ ನನ್ನದು. ಆದರೂ ಡ್ವೊರ್ಕಿನ್ ಅಷ್ಟು ಸುಲಭಕ್ಕೆ ಸೋಲುವುದಿಲ್ಲ. ಗೇಟಿಗೆ ಹೋಗುವ ಈ ಹಟ ನಿಜವಾದ ಒಲವೋ, ಗಾಬರಿಯೋ, ಮೂತ್ರದ ಸೋಂಕಿನಿಂದ ಎದ್ದ ಕಳವಳವೋ? ಅದನ್ನು ಓದುವವರು ನಾವು, ಬಹುಪಾಲು ನಮ್ಮ ಅನುಕೂಲಕ್ಕೆ ತಕ್ಕಂತೆ. ಹಳೆಯ ಮಾತು ಎಷ್ಟೇ ಅರೆತಿಳಿವಿನದಾದರೂ ಅವರದೇ ಬಾಯಿಂದ ಬಂದದ್ದು. ಇಷ್ಟನ್ನು ಬಿಟ್ಟುಕೊಡಲೇಬೇಕು. 2017ರ ಮಾನಸಿಕ ಆರೋಗ್ಯ ಕಾಯ್ದೆ ಚಿಕಿತ್ಸೆಯ ಬಗ್ಗೆ ಮುಂಚಿತವಾಗಿ ಬರೆದಿಡುವ ಹಕ್ಕು ಕೊಟ್ಟಿದೆ. ಕ್ಯಾಮೆರಾ, ಜಿಪಿಎಸ್‌ಗಳ ಬಗ್ಗೆಯೂ ರೋಗದ ಮೊದಲ ದಿನಗಳಲ್ಲೇ ಕೇಳಿ ಬರೆದುಕೊಳ್ಳುವುದು ಒಳಿತು.

ಇದಕ್ಕಿಂತ ಕಠಿಣವಾದ ಆಕ್ಷೇಪ ಮನೆಯಲ್ಲಿ ಅತ್ತೆಯನ್ನು ನೋಡಿಕೊಳ್ಳುವ ಸೊಸೆಯದು. ನಾಲ್ಕನೇ ಜ್ವರ, ಅಂದರೆ ಕೊನೆಯ ಸಲ ಪೊರೆ ಕಳಚುವ ಹಂತ, ಮುಗಿಸಿ ಎದ್ದ ರೇಷ್ಮೆಹುಳುಗಳಿಗೆ ಸೊಪ್ಪು ಹಾಕುವ ದಿನಗಳಲ್ಲಿ ಆಕೆಗೆ ಉಸಿರಾಡಲೂ ಪುರುಸೊತ್ತಿಲ್ಲ. ಮೊಬೈಲಿಗೆ ಅಲರ್ಟ್ ಬರುತ್ತದೆಂಬ ಧೈರ್ಯವಿದ್ದರೆ ಹಿಪ್ಪುನೇರಳೆ ತೋಟಕ್ಕೆ ಹೋಗಿ ಬರಬಹುದು. ಇಲ್ಲವಾದರೆ ಹೊರಗಿನಿಂದ ಚಿಲಕ ಹಾಕಿ ಹೋಗಬೇಕು, ಅಥವಾ ತಾನೂ ಒಳಗೇ ಉಳಿಯಬೇಕು. ಯಂತ್ರ ಮೊದಲು ಕೂತವರೊಡನೆ ಮಾತನಾಡಲಿ ಎಂಬ ನನ್ನ ನಿಯಮ ಆಕೆಯ ಸ್ವಾತಂತ್ರ್ಯವನ್ನು ಯಾವ ಲೆಕ್ಕದಲ್ಲಿ ಎರಡನೆಯದಾಗಿಸಿತು? ರೋಗ ಬಲಿತು ಯಂತ್ರದ ದನಿಯೇ ಭೂತದಂತೆ ಹೆದರಿಸತೊಡಗಿದಾಗ ನಿಯಮದ ಉಳಿದ ಬಲವೂ ಹೋಗುತ್ತದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 14ನೇ ಕಲಮು ‘ಸೀಮಿತ ಪೋಷಕತ್ವ’ವನ್ನು ಪರಸ್ಪರ ತಿಳಿವಳಿಕೆ ಮತ್ತು ನಂಬಿಕೆಯ ಮೇಲೆ ಕೂಡಿ ಮಾಡುವ ತೀರ್ಮಾನವೆಂದು ಕಾಣುತ್ತದೆ. ಕಾಯ್ದೆಯ ಮನಸ್ಸಿನಲ್ಲಿರುವುದು ಇಬ್ಬರು. ಈ ಮನೆಗಳಲ್ಲಿ ಇರುವುದು ಮೂವರು: ಕುರ್ಚಿಯಲ್ಲಿ ಕೂತವರು, ಕೈಯಾರೆ ನೋಡಿಕೊಳ್ಳುವವರು, ದೂರದಿಂದ ಸ್ಕ್ರೀನ್ ನೋಡುವವರು. ಮೂರನೆಯವರ ವಿರುದ್ಧ ನನ್ನ ವಾದ ಈಗಲೂ ನಿಲ್ಲುತ್ತದೆ ಎಂದೇ ನಂಬಿದ್ದೇನೆ. ಕಣ್ಣಿನ ಕಾವಲಿದ್ದರೆ ಸಾಕು, ಕೈಯ ಆಸರೆ ಬೇಡ ಎಂಬ ಭ್ರಮೆ ಹುಟ್ಟುವುದು ಅಲ್ಲಿಯೇ. ಎರಡನೆಯವರ ಎದುರು ಅದು ತಡವರಿಸುತ್ತದೆ. ತೋಟಕ್ಕೆ ಹೋದ ಆ ಎರಡು ಗಂಟೆ ಅಲರ್ಟ್ ಸೊಸೆಗೆ ಹೋಗಲಿ, ಆಕೆ ಮನೆಯಲ್ಲಿರುವಾಗ ಆರಿರಲಿ ಎಂದು ಹೇಳಬಹುದೇನೋ. ಅತ್ತೆ ಒಪ್ಪದಿದ್ದರೂ ಹಾಗೆ ಮಾಡಬಹುದೇ ಎಂದರೆ ನನ್ನ ಬಳಿ ಇನ್ನೂ ಉತ್ತರವಿಲ್ಲ.