ಸಾಲಿಗ್ರಾಮವೂ ಸಾಗರದ ಸಾಕ್ಷ್ಯವೂ

॥ ಶ್ರೀಃ ॥

ವಿಗ್ರಹವನ್ನು ಶಿಲ್ಪಿಯು ಕಡೆಯುತ್ತಾನೆ. ಆಚಾರ್ಯನು ಅದಕ್ಕೆ ಪ್ರಾಣಪ್ರತಿಷ್ಠೆಯನ್ನು ನೆರವೇರಿಸುತ್ತಾನೆ. ಸಾಲಿಗ್ರಾಮಕ್ಕಾದರೋ ಉಳಿಯೂ ಬೇಡ, ಪ್ರತಿಷ್ಠೆಯೂ ಬೇಡ. ಅದು ಸ್ವಯಂವ್ಯಕ್ತವೆಂದೂ, ಒಂದು ದಳ ತುಳಸಿ, ಒಂದು ಉದ್ಧರಣೆ ನೀರು ಅದಕ್ಕೆ ಸಾಕೆಂದೂ ಹಿರಿಯರ ನಂಬುಗೆ.

ಇಂತಹ ದೇವರಪೆಟ್ಟಿಗೆಯ ಮುಂದೆ ಈಗ ಒಂದು ಪ್ರಶ್ನೆ ಬಂದು ನಿಂತಿದೆ. ಹೊಸೂರಿನಲ್ಲೋ ಕೃಷ್ಣಗಿರಿಯಲ್ಲೋ ಓದಿ ಬಂದ ಮಗನು, “ಇದು ಸಮುದ್ರದ ಹುಳುವಿನ ಚಿಪ್ಪು, ಇದಕ್ಕೇಕೆ ಪೂಜೆ?” ಎನ್ನುತ್ತಾನೆ. ತಂದೆಯು ಕಿವಿ ಮುಚ್ಚಿಕೊಳ್ಳುತ್ತಾನೆ. ಮಗನು ಕೈಮುಗಿಯುವುದನ್ನು ಬಿಡುತ್ತಾನೆ, ತಂದೆಯು ಮಾತನಾಡುವುದನ್ನು ಬಿಡುತ್ತಾನೆ. ತಂದೆಯ ಕಾಲಾನಂತರ ಆ ಪೆಟ್ಟಿಗೆ ಅಟ್ಟವನ್ನು ಸೇರುತ್ತದೆ. ದೇಗುಲದ ಗೋಪುರ ಹೊಸದಾಗಿಯೂ ಮನೆಯ ದೀಪ ಆರಿಹೋದರೆ ಜೀರ್ಣೋದ್ಧಾರವು ಅರ್ಧಕ್ಕೆ ನಿಂತಂತೆಯೇ ಸರಿ. ಆದುದರಿಂದ ಈ ಪ್ರಶ್ನೆಯನ್ನು ನಿರ್ಭಯವಾಗಿ ವಿಚಾರಿಸುವುದು ಶ್ರದ್ಧಾವಂತರಿಗೆ ಉಚಿತ.

ಮಗನು ಹೇಳಿದ ಸಂಗತಿ ಸುಳ್ಳಲ್ಲ. ನೇಪಾಳದ ಮುಕ್ತಿನಾಥ ಕ್ಷೇತ್ರದ ಸಮೀಪದಲ್ಲಿ, ಕಾಳೀಗಂಡಕಿಯ ಪಾತ್ರದಲ್ಲಿ ದೊರೆಯುವ ಚಕ್ರಾಂಕಿತ ಶಿಲೆಗಳು ಸುಮಾರು 15 ಕೋಟಿ ವರ್ಷಗಳ ಹಿಂದೆ ಕಡಲಿನ ತಳದಲ್ಲಿ ಕೆಸರಾಗಿದ್ದವು. ಆ ಕಡಲಿಗೆ ವಿದ್ವಾಂಸರು ಟೆಥಿಸ್ ಎಂದು ಹೆಸರಿಟ್ಟಿದ್ದಾರೆ. ಅದರಲ್ಲಿ ಅಮ್ಮೊನೈಟ್ ಎಂಬ ಜೀವಿ ಸಂಚರಿಸುತ್ತಿತ್ತು. ಅದರ ಚಿಪ್ಪು ಸುರುಳಿಯಾಕಾರದ್ದು, ಒಳಗೆ ಸಾಲುಸಾಲು ಕೋಣೆಗಳು. ಜೀವಿಯು ಬೆಳೆದಂತೆಲ್ಲ ಮುಂದೆ ಚಿಪ್ಪನ್ನು ವಿಸ್ತರಿಸಿಕೊಂಡು, ಹಿಂದೆ ಒಂದು ಗೋಡೆಯನ್ನು ಕಟ್ಟಿ, ಕಡೆಯ ಕೋಣೆಯಲ್ಲಿ ಮಾತ್ರ ವಾಸಿಸುತ್ತಿತ್ತು. ಬಿಟ್ಟ ಕೋಣೆಗಳು ವ್ಯರ್ಥವಾಗಲಿಲ್ಲ. ಅವುಗಳಲ್ಲಿ ತುಂಬಿದ ವಾಯುವೇ ಅದನ್ನು ನೀರಿನಲ್ಲಿ ತೇಲಿಸುತ್ತಿತ್ತು. ಜೀವ ಹೋದ ಮೇಲೆ ಚಿಪ್ಪು ಕೆಸರಿನಲ್ಲಿ ಹೂತಿತು. ಕೆಸರು ಅದರ ಸುತ್ತ ಗಟ್ಟಿಯಾಗಿ ಗುಂಡುಶಿಲೆಯಾಯಿತು. ಸುರುಳಿಯ ಅಚ್ಚು ಚಕ್ರವಾಗಿ ಉಳಿಯಿತು. ಸುಮಾರು 5 ಕೋಟಿ ವರ್ಷಗಳ ಹಿಂದೆ ಭಾರತದ ಭೂಭಾಗವು ಏಷ್ಯಾಕ್ಕೆ ತಾಗಲು, ಆ ಕಡಲಿನ ತಳವೇ ಕಾಲಕ್ರಮದಲ್ಲಿ ಹಿಮಾಲಯದ ಶಿಖರಗಳಿಗೆ ಏರಿತು.

ಪುರಾಣವಾದರೂ ಏನು ಹೇಳುತ್ತದೆ? ತುಳಸಿಯ ಶಾಪದಿಂದ ಹರಿಯು ಗಂಡಕೀತೀರದಲ್ಲಿ ಶಿಲೆಯಾದನೆಂದೂ, ವಜ್ರಕೀಟವೆಂಬ ಕ್ರಿಮಿಯು ಅದರೊಳಗೆ ಚಕ್ರವನ್ನು ಕೊರೆಯಿತೆಂದೂ ಹೇಳುತ್ತದೆ. ಚಕ್ರದ ರಚನೆಯಲ್ಲಿ ಒಂದು ಅಲ್ಪಜೀವಿಯ ಪಾತ್ರವುಂಟೆಂಬುದನ್ನು ಪೂರ್ವಿಕರು ಮರೆಮಾಚಲಿಲ್ಲ. ಅದು ಹುಳುವಿನ ಗುರುತೆಂದು ತಿಳಿದೇ ಅವರು ತುಳಸಿಯನ್ನು ಏರಿಸಿದರು. ಅಂದಮೇಲೆ ಮಗನ ಮಾತಿಗೆ ತಂದೆಯು ಬೆದರಬೇಕಾದ ಕಾರಣವೇನು?

ಇಂತಹ ಸಾಕ್ಷ್ಯಕ್ಕಾಗಿ ನೇಪಾಳಕ್ಕೇ ಹೋಗಬೇಕಾಗಿಲ್ಲ. ನಾಟ್ರಾಂಪಾಳ್ಯದ ಸುತ್ತಣ ಬೆಟ್ಟಗಳ ಕಲ್ಲು ಬಹುಪಾಲು ಸುಮಾರು 250 ಕೋಟಿ ವರ್ಷಗಳಷ್ಟು ಹಳೆಯದು. ಚಿಪ್ಪಿನ ಜೀವಿಗಳು ಹುಟ್ಟುವುದಕ್ಕೆ ಬಹು ಹಿಂದಿನದು. ಆದುದರಿಂದ ಅದರಲ್ಲಿ ಶಂಖವಿಲ್ಲ, ಸಿಂಪಿಯಿಲ್ಲ. ಆದರೆ ಸಮೀಪದ ಹೊಗೇನಕಲ್ಲಿನಲ್ಲಿ ಧುಮುಕುವ ಕಾವೇರಿಯನ್ನು ಅನುಸರಿಸಿ ತಿರುಚಿಯನ್ನು ದಾಟಿ, ಕೊಳ್ಳಿಡದ ಉತ್ತರಕ್ಕೆ ಹೋದರೆ ಅರಿಯಲೂರಿನ ಸೀಮೆ ಸಿಗುತ್ತದೆ. ಅಲ್ಲಿ ಹೊಲದ ಮಣ್ಣಿನಲ್ಲಿಯೇ ಸಮುದ್ರವು ಬರೆದಿಟ್ಟ ಲೆಕ್ಕವಿದೆ. ಕಾರೈ ಗ್ರಾಮದ ಕೊರಕಲುಗಳಲ್ಲಿ ಅಮ್ಮೊನೈಟ್‌ಗಳು ದೊರೆಯುತ್ತವೆ. ಗರುಡಮಂಗಲದ ಶಿಲೆಯಲ್ಲಿ ಚಿಪ್ಪುಗಳು ಒತ್ತೊತ್ತಾಗಿ ಸೇರಿವೆ. ನಯ ಮಾಡಿದಾಗ ಅದು ಹೊಳೆಯುವುದರಿಂದ ತಿರುಚಿನಾಪಳ್ಳಿಯ ಅಮೃತಶಿಲೆಯೆಂದು ಹೆಸರಾಯಿತು. ಕಲ್ಲಂಕುರಿಚ್ಚಿಯ ಸುಣ್ಣಕಲ್ಲಿನಲ್ಲಿ ಸುಮಾರು 7 ಕೋಟಿ ವರ್ಷಗಳ ಹಿಂದಿನ ದಪ್ಪ ಸಿಂಪಿಗಳು ದಿಬ್ಬದಿಬ್ಬವಾಗಿ ಬಿದ್ದಿವೆ. ಇಂತಹ ಸಿಂಪಿಯ ದಿಬ್ಬಗಳು ಬೆಳೆಯುವುದು ಆಳವಿಲ್ಲದ ಕಡಲಿನಲ್ಲಿ. ಸಾತ್ತನೂರಿನಲ್ಲಿ ಕಲ್ಲಾಗಿ ಮಲಗಿರುವ 18 ಮೀಟರ್ ಉದ್ದದ ಮರದ ಕಾಂಡವೂ ಕರೆ ದೂರವಿರಲಿಲ್ಲವೆಂಬುದಕ್ಕೆ ಸಾಕ್ಷಿ.

ಈ ಚಿಪ್ಪುಗಳನ್ನು 1840ರ ದಶಕದಲ್ಲಿ ಕೇ ಮತ್ತು ಕನ್ಲಿಫ್ ಎಂಬವರು ಸಂಗ್ರಹಿಸಿದರು. 1846ರಲ್ಲಿ ಎಡ್ವರ್ಡ್ ಫೋರ್ಬ್ಸ್ ಎಂಬ ಪಂಡಿತನು ವಿವರಿಸಿದನು. ಅನಂತರ ಭಾರತೀಯ ಭೂವಿಜ್ಞಾನ ಸರ್ವೇಕ್ಷಣದ ಫರ್ಡಿನಾಂಡ್ ಸ್ಟೊಲಿಚ್ಕಾ ಇವುಗಳ ಅಧ್ಯಯನಕ್ಕೆ ಹಲವು ವರ್ಷಗಳನ್ನು ಮುಡಿಪಿಟ್ಟನು. ಹಿಮಾಲಯದ ಸ್ಪಿತಿಯ ಚಿಪ್ಪುಗಳನ್ನೂ ಆತನು ಪರಿಶೀಲಿಸಿದ್ದನು; 1874ರಲ್ಲಿ ಲಡಾಖಿನ ದುರ್ಗಮ ಮಾರ್ಗದಲ್ಲಿ ಪ್ರಾಣಬಿಟ್ಟನು. ಸತ್ಯಕ್ಕಾಗಿ ಸವೆದ ಅಂತಹ ಬಾಳನ್ನು ತಪಸ್ಸೆಂದರೆ ತಪ್ಪಾಗದು.

ಅರಿಯಲೂರಿನ ಸುಣ್ಣಕಲ್ಲಿನಿಂದ ಸಿಮೆಂಟು ತಯಾರಾಗುತ್ತದೆ. ದೇಗುಲಕ್ಕೆ ಬಂದಿಳಿದ ಮೂಟೆಯಲ್ಲಿ ಆ ಪುರಾತನ ಜೀವಿಗಳ ಚಿಪ್ಪಿನ ಪುಡಿ ಇದ್ದರೂ ಇರಬಹುದು. ಮಂಗಳಾರತಿಯಲ್ಲಿ ಊದುವ ಶಂಖವೂ ಅದೇ ಕುಲದ ಜೀವಿಯ ಮನೆಯೇ. ತನ್ನ ಮನೆಯನ್ನು ತಾನು ಕಟ್ಟಿಕೊಂಡ ಮೂಕಜೀವಿಯ ಶ್ರಮವು, ತಾನರಿಯದೆಯೇ ಭಗವಂತನ ಮನೆಗೆ ಒದಗಿತು. ಸೇವೆಗೆ ದೊಡ್ಡವರು ಚಿಕ್ಕವರೆಂಬ ಭೇದವಿಲ್ಲವೆನ್ನುವುದಕ್ಕೆ ಇದಕ್ಕಿಂತ ಬೇರೆ ನಿದರ್ಶನವೇಕೆ?

ಮಗನು ತಿಳಿದದ್ದು ಶಿಲೆಯ ಹುಟ್ಟು. ತಂದೆಯು ತಿಳಿದದ್ದು ಶಿಲೆಯ ಮುಂದೆ ಬಾಗುವ ಬಗೆ. ಒಂದು ಇನ್ನೊಂದನ್ನು ಅಳಿಸುವುದಿಲ್ಲ. ಹೆತ್ತ ತಾಯಿಯ ದೇಹವು ಪಂಚಭೂತಗಳಿಂದಾದದ್ದೆಂದು ಓದಿದವನು ಆಕೆಗೆ ನಮಸ್ಕರಿಸುವುದನ್ನು ಬಿಡುತ್ತಾನೆಯೇ? 15 ಕೋಟಿ ವರ್ಷಗಳ ಕಾಲ ಒಂದು ಕಿರುಜೀವಿಯ ಗುರುತನ್ನು ಅಳಿಯದಂತೆ ಕಾಪಾಡಿದ ಆ ಶಕ್ತಿಯನ್ನು ಕಂಡಾಗ, ಅರಿತವನ ತಲೆ ಇನ್ನಷ್ಟು ಬಾಗಬೇಕಾದುದೇ ನ್ಯಾಯ.

ಅಮ್ಮೊನೈಟ್ ಹಳೆಯ ಕೋಣೆಗಳನ್ನು ಒಡೆಯಲಿಲ್ಲ. ಹಳೆಯ ಕೋಣೆಯಲ್ಲಿಯೇ ಕುಳಿತಿರಲೂ ಇಲ್ಲ. ಹಿಂದಿನದನ್ನು ಹೊತ್ತು, ಅದರ ಬಲದಿಂದಲೇ ತೇಲಿ, ಮುಂದಿನ ಕೋಣೆಯನ್ನು ಕಟ್ಟಿತು. ಜೀರ್ಣೋದ್ಧಾರದ ಮರ್ಮವೂ ಇದೇ. ತಂದೆಯು ದೇವರಪೆಟ್ಟಿಗೆಯನ್ನು ತೆರೆದು ಸಾಲಿಗ್ರಾಮವನ್ನು ಮಗನ ಅಂಗೈಯಲ್ಲಿರಿಸಲಿ. ಮಗನು ಅದರ ಕಥೆಯನ್ನೆಲ್ಲ ತಂದೆಗೆ ತಿಳಿಸಲಿ. ಬಳಿಕ ಇಬ್ಬರೂ ಕೂಡಿ ತುಳಸಿಯನ್ನು ಏರಿಸಲಿ. ಅಂತಹ ಮನೆಯಲ್ಲಿ ದೀಪವು ಆರಲಾರದು.

॥ ಶುಭಂ ಭೂಯಾತ್ ॥