ಹುಡುಗಿ ಹೇಗಿದ್ದಾಳೆ?

ನನ್ನ ತಂಗಿಯ ಮಗಳು ಬಿ.ಸಿ.ಎ. ಓದುತ್ತಿದ್ದಾಳೆ. ರಜೆಗೆ ನಮ್ಮ ಮನೆಗೆ ಬಂದವಳು ಅಡುಗೆಮನೆಯ ಕಟ್ಟೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು, ನಾನು ಹುರಿದಿಟ್ಟ ಕಡಲೆಬೀಜವನ್ನು ಖಾಲಿ ಮಾಡುತ್ತ ಪೈಥಾನ್ ಕಲಿಯುತ್ತಿದ್ದಳು. ಹೆಬ್ಬಾವೆಂದು ಹೆದರಬೇಡಿ. ಹಾಲೆಂಡಿನ ಗಿಡೊ ವಾನ್ ರಾಸಮ್ 1991ರಲ್ಲಿ ಹೊರತಂದ ಕಂಪ್ಯೂಟರ್ ಭಾಷೆ ಅದು.

“ದೊಡ್ಡಮ್ಮ, ಇಲ್ಲಿ ನೋಡು, ನಾನೊಂದು ಕೇಳಿದರೆ ಇದೊಂದು ಹೇಳತ್ತೆ” ಎಂದು ಕೂಗಿದಳು.

ಅವಳು ‘ಸ್ಟೂಡೆಂಟ್’ ಎಂಬ ಒಂದು ಅಚ್ಚು ಮಾಡಿದ್ದಳು. ಆ ಅಚ್ಚಿನಿಂದ ತೆಗೆದ ಪ್ರತಿ ವಿದ್ಯಾರ್ಥಿಗೂ ಒಂದು ಹೆಸರು, ಒಂದಿಷ್ಟು ಅಂಕ. ಒಬ್ಬಳನ್ನು ಸೃಷ್ಟಿಸಿ ‘ಇವಳನ್ನು ತೋರಿಸು’ ಎಂದರೆ, ‘ಸ್ಟೂಡೆಂಟ್ ಆಬ್ಜೆಕ್ಟ್ ಅಟ್’ ಎಂದು ಶುರುವಾಗಿ ಸೊನ್ನೆ, ಎಕ್ಸ್, ಏಳು, ಎಫ್ ಎಂದು ಉದ್ದದ ಬಾಲ. ಮತ್ತೊಮ್ಮೆ ಓಡಿಸಿದರೆ ಬಾಲವೇ ಬೇರೆ.

ನಾನು ಬಿ.ಎ., ಬಿ.ಎಡ್. ಮಾಡಿ ಮೂವತ್ತು ವರ್ಷದಿಂದ ಕನ್ನಡ, ಸಮಾಜ ಹೇಳಿಕೊಡುವವಳು. ಕಂಪ್ಯೂಟರ್ ಗೊತ್ತಿಲ್ಲದಿದ್ದರೂ ಕಣ್ಣೆದುರು ಇದ್ದದ್ದನ್ನು ಓದಬಲ್ಲೆ. “ಇದರಲ್ಲಿ ತಪ್ಪೇನಿದೆಯೇ? ಯಾವ ವರ್ಗದ್ದು, ಎಲ್ಲಿ ಇಟ್ಟಿದೆ ಅಂತ ಹೇಳಿದೆಯಲ್ಲ” ಎಂದೆ. ನಮ್ಮ ಅತ್ತೆ ಹೀಗೇ ಇದ್ದರು. ಅಡುಗೆಮನೆಯ ತುಂಬ ಒಂದೇ ಥರದ ಸ್ಟೀಲ್ ಡಬ್ಬಿ. ಸಾಸಿವೆ ಎಲ್ಲಿ ಎಂದರೆ “ಮೂರನೇ ಸಾಲು, ಎರಡನೇ ಡಬ್ಬಿ” ಎನ್ನುವರು. ಅವರಿಗೆ ಅಷ್ಟು ಸಾಕಿತ್ತು. ಹೊಸದಾಗಿ ಬಂದ ಸೊಸೆಗೆ ಮಾತ್ರ ಪ್ರತಿ ಮುಚ್ಚಳವನ್ನೂ ತೆರೆಯಬೇಕಾಗಿತ್ತು.

ಡಬ್ಬಿಗೆ ಚೀಟಿ ಅಂಟಿಸಿದಂತೆ, ಈ ಅಚ್ಚಿಗೂ ‘ಕೇಳಿದರೆ ಹೀಗೆ ಹೇಳು’ ಎಂದು ನಾವೇ ಬರೆದುಕೊಡಬೇಕಂತೆ. ಹಿಂದೆ ಮುಂದೆ ಎರಡೆರಡು ಅಡಿಗೆರೆ ಹಾಕಿದ ‘ಎಸ್‌ಟಿಆರ್’ ಎಂದು ಅದಕ್ಕೆ ಹೆಸರು. ಅದರೊಳಗೆ ‘ಪ್ರಿಂಟ್’ ಎಂದು ಬರೆದು ಒಮ್ಮೆ ಬೈಸಿಕೊಂಡಳು. ಅದು ತಾನೇ ಕೂಗಿ ಹೇಳಬಾರದಂತೆ, ಹೇಳಬೇಕಾದ ಮಾತನ್ನು ಕೇಳಿದವರ ಕೈಗೆ ವಾಪಸು ಕೊಡಬೇಕಂತೆ. ‘ರಿಟರ್ನ್’ ಎಂದು ತಿದ್ದಿದ ಮೇಲೆ ಹೆಸರು, ಅಂಕ ಚೆಂದವಾಗಿ ಮೂಡಿದವು.

“ಬರೀ ಅಂಕ ಯಾಕೆ?” ಎಂದೆ.

“ನಾನು ಇಟ್ಟಿರೋದೇ ಎರಡು ವಿಷಯ ದೊಡ್ಡಮ್ಮ. ಇಡದೇ ಇರೋದನ್ನ ಅದು ಹೇಗೆ ಹೇಳತ್ತೆ?”

ಸಂಭ್ರಮ ಬಹಳ ಹೊತ್ತು ಉಳಿಯಲಿಲ್ಲ. ಮೂವರು ವಿದ್ಯಾರ್ಥಿಗಳನ್ನು ಒಂದು ಪಟ್ಟಿಗೆ ಸೇರಿಸಿ ತೋರಿಸು ಎಂದಳು. ಮತ್ತೆ ಅದೇ ಸೊನ್ನೆ, ಎಕ್ಸ್! ಪುಸ್ತಕ ತಿರುವಿ ಹಾಕಿದಾಗ ಕಾರಣ ಸಿಕ್ಕಿತು. ಹೇಳಿಕೊಳ್ಳುವ ರೀತಿ ಎರಡಂತೆ. ಎಸ್‌ಟಿಆರ್ ಓದುವ ಜನರಿಗೆ. ‘ರೆಪರ್’ ಎನ್ನುವುದು ಪ್ರೋಗ್ರಾಂ ಬರೆಯುವವರ ಅನುಕೂಲಕ್ಕೆ. ಒಬ್ಬಳನ್ನೇ ಕೇಳಿದರೆ ಮೊದಲನೆಯದು. ಪಟ್ಟಿಯೊಳಗೆ ಸೇರಿದಳೋ, ಎರಡನೆಯದು.

ನನ್ನ ಕೈಯಲ್ಲಿದ್ದ ಸೌಟು ಹಾಗೇ ನಿಂತಿತು.

1999ರಲ್ಲಿ ನನ್ನ ತರಗತಿಯಲ್ಲಿ 62 ಮಕ್ಕಳು. ದಸರಾ ರಜೆ ಮುಗಿದ ಮೇಲೆ ಮಾರ್ಕ್ಸ್ ಕಾರ್ಡ್ ಕೊಡುವ ದಿನ, ಹೂ ಕಟ್ಟಿ ಮಾರುವ ಒಬ್ಬ ತಾಯಿ ಬಂದು ಮಗಳ ಬಗ್ಗೆ ಕೇಳಿದಳು. ನಾನು ಹಾಜರಿ ಪುಸ್ತಕ ತೆರೆದು ಬೆರಳಿಟ್ಟು, “ಸಂಖ್ಯೆ 41. ಗಣಿತ 19, ಇಂಗ್ಲಿಷ್ 22” ಎಂದೆ.

“ಅದು ಕಾರ್ಡಲ್ಲೇ ಐತಂತೆ ಮೇಡಮ್ನೋರೆ. ನನ್ ಮಗ್ಳು ಎಂಗವ್ಳೆ ಅಂತ ಕೇಳ್ದೆ.”

ಹಿಂದೆ ಇನ್ನೂ ಹತ್ತು ಜನ ನಿಂತಿದ್ದರು. “ಪರವಾಗಿಲ್ಲ, ಇನ್ನೂ ಓದಬೇಕು” ಎಂದೆ. ಆಕೆ ಒಂದು ಗಳಿಗೆ ಕಾದಳು. ಆಮೇಲೆ ಕಾರ್ಡನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಹೋದಳು. ಸಂಕ್ರಾಂತಿ ಕಳೆದ ಮೇಲೆ ಹುಡುಗಿ ಶಾಲೆಗೆ ಬರಲಿಲ್ಲ. ನನ್ನ ಮಾತಿನಿಂದಲೇ ಬಿಟ್ಟಳು ಎನ್ನಲಾರೆ, ಮನೆಯ ಕಷ್ಟ ಬೇಕಾದಷ್ಟಿತ್ತು. ಆದರೆ ಓದಿಸಲೋ ಬಿಡಿಸಲೋ ಎಂದು ಆ ತಾಯಿ ತೂಗುತ್ತಿದ್ದಾಗ ನಾನು ತಕ್ಕಡಿಗೆ ಹಾಕಿದ್ದು 19 ಮತ್ತು 22 ಮಾತ್ರ.

ಸಂಖ್ಯೆಯೇ ಕೆಟ್ಟದ್ದು ಎಂದು ನಾನು ಹೇಳುತ್ತಿಲ್ಲ. ಅದೇ ತರಗತಿಯಲ್ಲಿ ಒಂದೇ ಹೆಸರು, ಒಂದೇ ಇನಿಷಿಯಲ್ಲಿನ ಇಬ್ಬರಿದ್ದರು. ಸಂಖ್ಯೆ ಇಲ್ಲದಿದ್ದರೆ ಒಬ್ಬಳ ಅಂಕ ಇನ್ನೊಬ್ಬಳಿಗೆ ಹೋಗುತ್ತಿತ್ತು. ಒಳ್ಳೆಯ ಮಾತನ್ನಾದರೂ ನಂಬುವುದು ಹೇಗೆ? ‘ಗುಣನಡತೆ ತೃಪ್ತಿಕರ’ ಎಂದು ನೂರಾರು ಪತ್ರಗಳಲ್ಲಿ ಬರೆದಿದ್ದೇನೆ. ಮಾತು ಒಳ್ಳೆಯದೇ, ಆದರೆ ಎಲ್ಲರಿಗೂ ಅದೇ ಆದಾಗ ಅದೂ ಒಂದು ಸೊನ್ನೆ, ಎಕ್ಸ್ ಆಗಿಬಿಡುತ್ತದೆ. ರಿಜಿಸ್ಟರು ನನ್ನ ಅನುಕೂಲಕ್ಕೆ ಇದ್ದದ್ದು. ಅದನ್ನೇ ಆ ತಾಯಿಯ ಮುಂದೆ ಓದಿದೆನಲ್ಲ, ನನ್ನನ್ನು ಚುಚ್ಚುವುದು ಅದು.

ಇದನ್ನೆಲ್ಲ ಹೇಳುವಷ್ಟರಲ್ಲಿ ನಮ್ಮ ಹುಡುಗಿ ರೆಪರನ್ನೂ ಬರೆದು ಮುಗಿಸಿದ್ದಳು. ಪಟ್ಟಿಯಲ್ಲಿ ಮೂವರ ಹೆಸರೂ ಬಂದಿದ್ದವು.

“ಈಗ ಆ ಅಮ್ಮ ಬಂದು ಕೇಳಿದ್ರೆ ಏನು ಹೇಳ್ತೀಯ ದೊಡ್ಡಮ್ಮ?”

“ಅವಳ ಪಕ್ಕ ಕೂರುತ್ತಿದ್ದ ಹುಡುಗಿಗೆ ಕಿವಿ ಸರಿಯಾಗಿ ಕೇಳುತ್ತಿರಲಿಲ್ಲ. ನಾನು ಹೇಳಿದ್ದನ್ನೆಲ್ಲ ಇವಳು ತನ್ನ ನೋಟ್ ಬುಕ್ಕಿನ ಅಂಚಿನಲ್ಲಿ ದುಂಡಗೆ ಬರೆದು ಅವಳ ಕಡೆ ಸರಿಸುತ್ತಿದ್ದಳು. ಯಾರೂ ಹೇಳಿಕೊಟ್ಟಿರಲಿಲ್ಲ.”

“ಅದು ನಿನಗೆ ಆವಾಗ್ಲೇ ಗೊತ್ತಿತ್ತಾ?”

“ಗೊತ್ತಿತ್ತು. ಎರಡನೇ ಬೆಂಚು. ದಿನಾ ನೋಡುತ್ತಿದ್ದೆ.”